ಮೆಣಸಿನ ಗಿಡದ ಎಲೆ ಎಲ್ಲಾ ಮುದುಡ್ಕೊಂಡಿದೆ, ಕಿತ್ತಾಕ್ಲಾ ಬೇಡ್ವಾ?

ಕತ್ರಿಗುಪ್ಪೆ_ತಾರಸಿ:
ಎಲ್ರಿಗೂ ನಮಸ್ಕಾರ. ನಮ್ದು ಕತ್ರಿಗುಪ್ಪೆ, ಎರಡನೇ ಮಹಡಿ ಮೇಲೆ ತಾರಸಿ, ಬೆಳಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೂ ನೇರ ಬಿಸ್ಲು. ಒಟ್ಟು ಒಂಬತ್ತು ಮೆಣಸಿನ ಗಿಡ ಇದೆ. ಆರು ಬ್ಯಾಡಗಿ, ಅದು ನರ್ಸರಿದಲ್ಲ, ಅಮ್ಮ ಸಾರಿನ ಪುಡಿಗೆ ಅಂತ ಹುರಿಯೋಕೆ ಇಟ್ಕೊಂಡಿದ್ದ ಒಣಮೆಣಸಿನಕಾಯಿಯಿಂದ ಬೀಜ ಉದುರಿಸ್ಕೊಂಡು ಮೊಸರಿನ ಡಬ್ಬಿಲಿ ಮೊಳಕೆ ಬರಿಸಿದ್ದು. ಎರಡು ದಪ್ಪ ಮೆಣಸಿನಕಾಯಿ, ಅದು ಸಸಿ ತಂದಿದ್ದು. ಒಂದು ಗಾಂಧಾರಿ. ಜನವರಿವರೆಗೂ ಚಿನ್ನದಂಗಿತ್ತು. ಫೆಬ್ರವರಿ ಕೊನೇಲಿ ಸೆಕೆ ಶುರುವಾಯ್ತಲ್ಲ, ಅವಾಗಿಂದ ಒಂದೊಂದೇ ಗಿಡದ ಚಿಗುರು ಮುದುಡ್ಕೊಳ್ತಾ ಬಂತು, ಹೂ ಉದುರತ್ತೆ, ಕಾಯಿ ಕಚ್ತಾ ಇಲ್ಲ. ಇಲ್ಲಿವರೆಗೂ ಏನೇನು ಹೊಡೆದಿದೀನಿ ಅಂದ್ರೆ ಬೆಳ್ಳುಳ್ಳಿ ಹಸಿಮೆಣಸಿನಕಾಯಿ ಕಷಾಯ, ಹುಳಿ ಮಜ್ಜಿಗೆ, ಅರಿಶಿನದ ನೀರು, ಒಲೆ ಬೂದಿ. ವಾಟ್ಸಾಪಲ್ಲಿ ಬಂದಿದ್ದೆಲ್ಲಾ ಮಾಡಿದೀನಿ ಅನ್ಕೊಳಿ. ಮೊನ್ನೆ ಒಂದು ಅಂಗಡಿಲಿ ಎಲೆ ತೋರಿಸಿದ್ರೆ ಅವ್ರು ಹಳೇ ಸಿರಪ್ ಬಾಟ್ಲಲ್ಲಿ ಏನೋ ಬಿಳಿ ಔಷಧಿ ಸುರಿದು ಕೊಟ್ರು, ಲೇಬಲ್ ಇಲ್ಲ, ಹೆಸ್ರು ಕೇಳಿದ್ರೆ "ಎಲ್ಲಾದಕ್ಕೂ ಆಗತ್ತೆ ಮೇಡಂ" ಅಂದ್ರು. ಅದನ್ನ ಇನ್ನೂ ಹೊಡೆದಿಲ್ಲ. ಪಕ್ಕದ ಮನೆಯವ್ರು ಇದು ವೈರಸ್ಸು ಎಲ್ಲಾ ಕಿತ್ತಾಕಿ ಅಂತಾರೆ. ಅಮ್ಮ ಕಿತ್ತರೆ ಮಾತಾಡಲ್ಲ ಅಂತ ಕೂತಿದಾರೆ. ಏನ್ಮಾಡ್ಲಿ?

ಮೆಣಸಿನ್ಕಾಯ್_ಬಜ್ಜಿ:
ಮೆಣಸಿನ ಗಿಡ ತಿನ್ನೋ ಹುಳಕ್ಕೆ ಮೆಣಸಿನಕಾಯಿ ಕಷಾಯ 😂 ಊಟದ ಜೊತೆ ಉಪ್ಪಿನಕಾಯಿನೂ ಬಂತು ಅನ್ಕೊಂಡಿರತ್ತೆ ಪಾಪ

ಭೂತಗನ್ನಡಿ:
ಮೊದ್ಲು ಆ ಲೇಬಲ್ ಇಲ್ದಿರೋ ಬಾಟ್ಲಿ ಮುಟ್ಟಬೇಡಿ. ಏನಿದೆ ಅಂತ ಗೊತ್ತಿಲ್ಲ, ಎಷ್ಟು ದಿನ ಬಿಟ್ಟು ಕಾಯಿ ಕೀಳಬೇಕು ಅಂತ ಗೊತ್ತಿಲ್ಲ, ಮನೇಲಿ ಹಸಿಯಾಗಿ ತಿನ್ನೋ ಗಿಡ. ಮೋನೋಕ್ರೋಟೋಫಾಸ್ ಅನ್ನೋ ಕೀಟನಾಶಕನ ತರಕಾರಿಗೆ ಹೊಡೆಯಂಗೇ ಇಲ್ಲ ಅಂತ 2005ರಲ್ಲೇ ನಿಷೇಧ ಆಗಿದೆ, ಹಂಗಿದ್ರೂ ಜನ ಹೊಡೀತಾರೆ. ಬಿಡಿ ಅದು ಬೇರೆ ಕಥೆ.

ಎರಡನೇದು, ನೀವು ಬರ್ದಿರೋದ್ರಲ್ಲಿ ಮುಖ್ಯವಾದ್ದೇ ಇಲ್ಲ. ಎಲೆ ಯಾವ ಕಡೆಗೆ ಮುದುಡಿದೆ? ಮೇಲಕ್ಕೋ ಕೆಳಕ್ಕೋ? ಎಲ್ಲಾ ಒಂಬತ್ತೂ ಒಂದೇ ಥರ ಇದ್ಯಾ? ಎಲೆ ಹಿಂಭಾಗದ ಫೋಟೋ ಹಾಕಿ, ಮುಂಭಾಗದ್ದು ಬೇಡ. ಮೆಣಸಿನ ಗಿಡದ ಪೂರ್ತಿ ಜಾತಕ ಇರೋದು ಎಲೆ ಬೆನ್ನಲ್ಲಿ.

ಕತ್ರಿಗುಪ್ಪೆ_ತಾರಸಿ:
ಈಗ ಹೋಗಿ ನೋಡ್ದೆ. ನಿಜ ಹೇಳ್ಬೇಕು ಅಂದ್ರೆ ಇಷ್ಟು ದಿನ ಎಲ್ಲಾ ಒಂದೇ ಅನ್ಕೊಂಡಿದ್ದೆ. ಮೂರು ಬ್ಯಾಡಗಿ ಮತ್ತೆ ಗಾಂಧಾರಿದು ಎಲೆ ಕೆಳಗಡೆ ಬಾಗಿದೆ, ಉದ್ದ ಸಣ್ಣ ಆಗಿದೆ, ತೊಟ್ಟು ಇಷ್ಟುದ್ದ. ಇನ್ನೆರಡು ಬ್ಯಾಡಗಿದು ಎಲೆ ಅಂಚು ಮೇಲಕ್ಕೆ ಎದ್ದಿದೆ, ಹಿಂದೆ ಬೆಳ್ಳಿ ಥರ ಹೊಳೆಯತ್ತೆ. ಒಂದು ಬ್ಯಾಡಗಿ, ಒಂದು ದಪ್ಪ ಮೆಣಸಿನಕಾಯಿ ಬೇರೇನೇ ಇದೆ, ಎಲೆ ಚಿಕ್ಕ ಚಿಕ್ಕದು, ಹಳದಿ, ನರ ದಪ್ಪ, ತುದೀಲಿ ಎಲ್ಲಾ ಗೊಂಚಲು ಥರ ಸೇರ್ಕೊಂಡಿದೆ. ಇನ್ನೊಂದು ದಪ್ಪ ಮೆಣಸಿನಕಾಯಿ ಪರವಾಗಿಲ್ಲ.

ಭೂತಗನ್ನಡಿ:
ಹಾಂ, ಈಗ ಮಾತಾಡೋಣ. ನಿಮ್ಮ ತಾರಸಿಲಿ ಒಂದಲ್ಲ ಮೂರು ಕಾಯಿಲೆ ಇದೆ, ಮೂರಕ್ಕೂ ಔಷಧಿ ಬೇರೆ, ಒಂದಕ್ಕಂತೂ ಔಷಧಿನೇ ಇಲ್ಲ.

ಕೆಳಗೆ ಬಾಗಿ ಮಗುಚಿದ ದೋಣಿ ಥರ ಆಗಿ ತೊಟ್ಟು ಇಲಿ ಬಾಲದಂಗೆ ಉದ್ದ ಆಗಿರೋದು ಹಳದಿ ಮೈಟ್ ನುಸಿ. ಇದು ಕೀಟನೇ ಅಲ್ಲ, ಜೇಡದ ಕಡೆ ನೆಂಟ, ಎಂಟು ಕಾಲು. ಬರೀ ಕಣ್ಣಿಗೆ ಕಾಣಲ್ಲ, ಸುಮಾರು 0.2 ಮಿಲಿಮೀಟರ್ ಅಷ್ಟೇ. ಹತ್ತು ಪಟ್ಟು ದೊಡ್ಡದು ಮಾಡೋ ಲೆನ್ಸ್ ಇದ್ರೆ ಚಿಗುರಿನ ಹಿಂದೆ ಬಿಳಿ ಚುಕ್ಕೆ ಚುಕ್ಕೆ ಇರೋ ಮೊಟ್ಟೆ ಕಾಣತ್ತೆ. ಕೀಟಕ್ಕೆ ಅಂತ ಮಾಡಿರೋ ಎಷ್ಟೋ ಔಷಧಿ ಇದಕ್ಕೆ ತಾಗೋದೇ ಇಲ್ಲ, ಕೆಲವಂತೂ ಇದನ್ನ ತಿನ್ನೋ ಹುಳಗಳನ್ನ ಸಾಯಿಸಿ ಇದನ್ನೇ ಜಾಸ್ತಿ ಮಾಡತ್ತೆ. ಇದಕ್ಕೆ ಗಂಧಕ, ಅಂದ್ರೆ ನೀರಲ್ಲಿ ಬೆರೆಯೋ ಸಲ್ಫರ್ ಪುಡಿ 80%ದು, ಲೀಟರ್‌ಗೆ 2ರಿಂದ 3 ಗ್ರಾಂ, ಸಂಜೆ ಹೊತ್ತು, ಎಲೆ ಹಿಂದಕ್ಕೆ.

ಮೇಲೆ ಎದ್ದಿದೆ, ಬೆಳ್ಳಿ ಹೊಳಪು ಅಂದ್ರಲ್ಲ, ಅದು ಥ್ರಿಪ್ಸ್. ಎಲೆ ಕೆರೆದು ರಸ ಹೀರತ್ತೆ. ಬಿಳಿ ಪೇಪರ್ ಹಿಡ್ಕೊಂಡು ಹೂನ ಅದರ ಮೇಲೆ ಕುಟ್ಟಿ, ಸಣ್ಣ ಗೀಟು ಥರ ಓಡಾಡತ್ತೆ.

ಕೊನೇ ಎರಡು ಗಿಡ ಎಲೆ ಮುರುಟು ನಂಜು, ಅಂದ್ರೆ ವೈರಸ್ಸು, ಅನ್ಸತ್ತೆ. ಬಿಳಿ ನೊಣ ತಂದಿರೋದು. ಅದಕ್ಕೆ ಯಾವ ಕಷಾಯನೂ ಇಲ್ಲ.

ಹಾವೇರಿ_ಮಂದಿ:
ನಮ್ಮ ಕಡೆ ಇದಕ್ಕೆಲ್ಲಾ ಕೂಡಿ ಒಂದs ಹೆಸರ ನೋಡ್ರಿ, ಮುರುಡು ರೋಗ. ಥ್ರಿಪ್ಸ್ ಬಂದ್ರೂ ಮುರುಡು, ನುಸಿ ಬಂದ್ರೂ ಮುರುಡು, ವೈರಸ್ ಬಂದ್ರೂ ಮುರುಡು. ನಮ್ಮಪ್ಪ ಎಷ್ಟ್ ವರ್ಷ ಒಂದs ಔಷಧ ಹೊಡಕೋತ ಬಂದ್ರು, ಒಂದ್ ವರ್ಷ ಹತ್ತತಿತ್ತು ಒಂದ್ ವರ್ಷ ಹತ್ತತಿರಲಿಲ್ಲ, ಯಾಕ ಅಂತ ತಿಳೀತಿರಲಿಲ್ಲ. ಈಗ ತಿಳೀತು ನೋಡ್ರಿ. ಇನ್ನೊಂದ್ ಮಾತು, ಬ್ಯಾಡಗಿ ಬಣ್ಣಕ್ಕ ಛಲೋ, 2011ರಾಗ ಜಿಐ ಟ್ಯಾಗ್ ಸುದ್ದಾ ಬಂದೈತಿ, ಆದ್ರ ಈ ರೋಗ ತಡ್ಯೂ ಶಕ್ತಿ ಅದಕ್ಕ ಕಮ್ಮಿ. ನಿಮ್ಮ ಅವ್ವಾರ ತಪ್ಪಲ್ಲ ಬಿಡ್ರಿ.

ಕುಡ್ಲ_ಇನ್_ಯಲಹಂಕ:
ಸಲ್ಫರ್ ಹೊಡೆಯುವ ಮೊದಲು ನನ್ನ ಕಥೆ ಕೇಳಿ ಮಾರಾಯ್ರೆ. ಕಳೆದ ಏಪ್ರಿಲಿನಲ್ಲಿ ಭಾನುವಾರ ಬೇವಿನೆಣ್ಣೆ ಹೊಡೆದೆ. ಬುಧವಾರ ಯಾರೋ ಸಲ್ಫರ್ ಒಳ್ಳೇದು ಅಂದರು, ಅದನ್ನೂ ಹೊಡೆದೆ, ಅದೂ ಬೆಳಿಗ್ಗೆ ಹತ್ತು ಗಂಟೆಗೆ. ಶುಕ್ರವಾರ ನೋಡಿದರೆ ಎಲೆಗಳೆಲ್ಲ ಹಪ್ಪಳ! ಎಂಟು ಗಿಡ ಹೋಯಿತು. ಹುಳ ಒಂದೂ ಸತ್ತಿತ್ತೋ ಇಲ್ಲವೋ ದೇವರಿಗೇ ಗೊತ್ತು, ಗಿಡವನ್ನು ಮಾತ್ರ ನಾನೇ ಕೊಂದದ್ದು.

ಭೂತಗನ್ನಡಿ:
ಎಣ್ಣೆಗೂ ಗಂಧಕಕ್ಕೂ ಮಧ್ಯ ಕಡಿಮೆ ಅಂದ್ರೂ ಎರಡು ವಾರ ಬೇಕು. ಮತ್ತೆ 32 ಡಿಗ್ರಿ ದಾಟಿದ ಬಿಸ್ಲಲ್ಲಿ ಬರೀ ಸಲ್ಫರೇ ಎಲೆ ಸುಡತ್ತೆ. ಬೆಂಗ್ಳೂರು ಮಾರ್ಚಲ್ಲಿ ಮಧ್ಯಾಹ್ನ ಅಷ್ಟು ಆಗೇ ಆಗತ್ತೆ, ತಾರಸಿ ಸಿಮೆಂಟ್ ಮೇಲಂತೂ ಇನ್ನೂ ಜಾಸ್ತಿ. ಅದಕ್ಕೇ ಸಂಜೆ ಅಂದಿದ್ದು. ಒಂದು ಕೊಂಬೆಗೆ ಮಾತ್ರ ಹೊಡೆದು ಎರಡು ದಿನ ಕಾದು ನೋಡಿದ್ರೆ ಇನ್ನೂ ವಾಸಿ.

ಬರೀ_ಓದ್ತೀನಿ:
ಮೊದಲ ಸಲ ಬರೀತಾ ಇದೀನಿ. ಬೇವಿನೆಣ್ಣೆ ನಂಗೆ ಯಾವತ್ತೂ ಕೆಲ್ಸ ಮಾಡಿಲ್ಲ. ಬಾಟ್ಲಿ ಬಾಟ್ಲಿ ಖಾಲಿ ಮಾಡಿದೀನಿ. ಎಲ್ರೂ ಬೇವು ಬೇವು ಅಂತಾರೆ, ಇದು ನಂಬಿಕೆನಾ ನಿಜಾನಾ?

ಅಜ್ಜಿ_ತೋಟ_ಮಲ್ಲೇಶ್ವರ:
ನೀವು ಎಣ್ಣೇನ ನೀರಿಗೆ ಹಾಗೇ ಸುರಿದು ಅಲ್ಲಾಡಿಸಿ ಹೊಡೀತೀರಾ? ಹಾಗಾದ್ರೆ ಎಣ್ಣೆ ಮೇಲೆ ತೇಲುತ್ತೆ, ಮೊದಲ ಗಿಡಕ್ಕೆ ಬರೀ ನೀರು, ಕೊನೇ ಗಿಡಕ್ಕೆ ಬರೀ ಎಣ್ಣೆ. ಮೊದಲು ಒಂದು ಲೋಟ ಬೆಚ್ಚಗಿನ ನೀರಲ್ಲಿ ಸ್ವಲ್ಪ ಸೋಪಿನ ದ್ರಾವಣ ಹಾಕಿ ಅದಕ್ಕೆ ಎಣ್ಣೆ ಬೆರೆಸಿ ಹಾಲಿನ ಥರ ಬೆಳ್ಳಗಾಗೋವರೆಗೂ ಕಡೀಬೇಕು, ಆಮೇಲೆ ಉಳಿದ ನೀರು. ಮಾಡಿದ್ದನ್ನ ಅವತ್ತೇ ಖಾಲಿ ಮಾಡ್ಬೇಕು. ನಾನು ಈಗ ಅದೂ ಬಿಟ್ಟಿದೀನಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನವರು ಮಾಡಿರೋ ಬೇವಿನ ಸೋಪು ಅಂತ ಸಿಗುತ್ತೆ, ಲೀಟರ್‌ಗೆ 8ರಿಂದ 10 ಗ್ರಾಂ ತುರಿದು ಕರಗಿಸಿದರೆ ಆಯ್ತು, ಕಡಿಯೋ ರಗಳೆ ಇಲ್ಲ. ಹೊಂಗೆ ಸೋಪೂ ಇದೆ.

ಇನ್ನೊಂದು, ಒಂದು ಸಲ ಹೊಡೆದು ಸುಮ್ಮನಾದರೆ ಏನೂ ಆಗಲ್ಲ. ಮೊಟ್ಟೆಗೆ ಏನೂ ತಾಗಿರಲ್ಲ, ಕೆಲವು ದಿನಕ್ಕೆ ಮರಿ ಬರುತ್ತೆ. ವಾರಕ್ಕೊಂದರಂತೆ ಮೂರು ಸಲ. ನಾನು ಕ್ಯಾಲೆಂಡರ್‌ನಲ್ಲಿ ಏಕಾದಶಿ ಪಕ್ಕದಲ್ಲೇ ಗುರುತು ಹಾಕ್ತೀನಿ.

ಬರೀ_ಓದ್ತೀನಿ:
ಓ. ನಾನು ಸುರಿದು ಅಲ್ಲಾಡಿಸ್ತಿದ್ದೆ 🙈 ಅದೂ ಎಲೆ ಮೇಲ್ಭಾಗಕ್ಕೆ

ಮೆಣಸಿನ್ಕಾಯ್_ಬಜ್ಜಿ:
ನಂಗೆ ಒಂದು ಸೀರಿಯಸ್ ಡೌಟು. ಹೂ ಉದುರೋದು? ನಮ್ಮ ರಾಜಾಜಿನಗರದ ಮನೇಲಿ ಎಲೆ ಚೆನ್ನಾಗೇ ಇದೆ ಆದ್ರೆ ಹೂ ಎಲ್ಲಾ ದಿನಾ ಕಸಪೊರಕೆಗೆ. ಬಿಸ್ಲು ಅಂತ ನೆರಳು ಬಟ್ಟೆ ಕಟ್ಟಿದೆ, ಏನೂ ಇಲ್ಲ.

ಭೂತಗನ್ನಡಿ:
ಸೆಕೆಗೂ ಉದುರತ್ತೆ, ನೀರು ಹೆಚ್ಚು ಕಮ್ಮಿ ಆದ್ರೂ ಉದುರತ್ತೆ. ಆದ್ರೆ ಹೂ ಬಿಡಿಸಿ ಒಳಗೆ ನೋಡಿ. ಕಪ್ಪಗಿರೋ ಥ್ರಿಪ್ಸ್ ಐದಾರು ಕೂತಿದ್ರೆ ಅದು ಹೊಸ ಜಾತಿ ಇರ್ಬೋದು, ಪಾರ್ವಿಸ್ಪೈನಸ್ ಅಂತ. ಆಗ್ನೇಯ ಏಷ್ಯಾ ಕಡೆಯದು. ನಮ್ಮ ದೇಶದಲ್ಲಿ ಇದು ಮೊದಲು ಸಿಕ್ಕಿದ್ದೇ ನಮ್ಮ ಬೆಂಗ್ಳೂರಲ್ಲಿ, 2015ರಲ್ಲಿ ವರದಿಯಾಯ್ತು, ಅದೂ ಪರಂಗಿ ಗಿಡದ ಮೇಲೆ. ಆಮೇಲೆ 2021ರಲ್ಲಿ ಆಂಧ್ರ ತೆಲಂಗಾಣದಲ್ಲಿ ಮೆಣಸಿನಕಾಯಿ ಹೊಲಕ್ಕೆ ಹೊಲನೇ ತಿಂದು ಹಾಕ್ತು, ರೈತರು ನಿಂತಿರೋ ಬೆಳೇನೇ ಉಳುಮೆ ಮಾಡ್ಬಿಟ್ರು. ಹಳೇ ಥ್ರಿಪ್ಸ್ ಎಲೆಲಿ ಇರತ್ತೆ, ಇದು ಹೂವೊಳಗೆ ಅಡಗ್ಕೊಳ್ಳತ್ತೆ, ಅದಕ್ಕೇ ಸಿಂಪಡಿಸಿದ್ದು ತಾಗಲ್ಲ. ಉದುರಿದ ಹೂ ಗುಡಿಸಿ ಕಾಂಪೋಸ್ಟ್‌ಗೆ ಹಾಕಬೇಡಿ, ಕವರಲ್ಲಿ ಕಟ್ಟಿ ಎಸೀರಿ. ಥ್ರಿಪ್ಸ್ ಕೋಶ ಆಗೋದು ಮಣ್ಣಲ್ಲಿ, ಹಾಗಾಗಿ ಬುಡಕ್ಕೆ ಬೇವಿನ ಹಿಂಡಿ ಒಂದು ಮುಷ್ಟಿ ಕೆದಕಿ ಹಾಕಿ. ನೀಲಿ ಅಂಟು ಹಾಳೆ ಥ್ರಿಪ್ಸ್‌ಗೆ, ಹಳದಿ ಹಾಳೆ ಬಿಳಿ ನೊಣಕ್ಕೆ. ಹಾಳೆಯಿಂದ ಹುಳ ಖಾಲಿ ಆಗಲ್ಲ, ಬಂದಿದೆ ಅಂತ ಗೊತ್ತಾಗತ್ತೆ, ಅಷ್ಟೇ ಅದರ ಉಪಯೋಗ.

ಇದೆಲ್ಲಾ ಆಗಿನೂ ಕೈ ಮೀರಿದ್ರೆ ಸ್ಪೈನೋಸ್ಯಾಡ್ ಅನ್ನೋದಿದೆ. ಮಣ್ಣಿನ ಬ್ಯಾಕ್ಟೀರಿಯಾದಿಂದ ತೆಗ್ದಿರೋದು. ಲೇಬಲ್ ಇರೋ ಪ್ಯಾಕೇ ತಗೊಳಿ, ಎಷ್ಟು ದಿನ ಕಾಯಬೇಕು ಅಂತ ಅದರ ಮೇಲೇ ಇರತ್ತೆ. ಹಸಿ ಇದ್ದಾಗ ಜೇನುಹುಳ ಸಾಯತ್ತೆ, ಹಾಗಾಗಿ ಸೂರ್ಯ ಮುಳುಗಿದ ಮೇಲೆ.

ಅಜ್ಜಿ_ತೋಟ_ಮಲ್ಲೇಶ್ವರ:
ಖಾಲಿ ಸೈಟಲ್ಲಿ ಕಾಂಗ್ರೆಸ್ ಗಿಡ ಇದ್ರೆ ಅದೂ ನೋಡ್ಕೊಳ್ಳಿ. ಥ್ರಿಪ್ಸ್‌ಗೆ ಅದೇ ಛತ್ರ. ನಮ್ಮ ಹಿಂದಿನ ಸೈಟ್ ಕ್ಲೀನ್ ಮಾಡಿಸೋಕೆ ಎರಡು ವರ್ಷ ಅರ್ಜಿ ಕೊಟ್ಟೆ, ಕೊನೆಗೆ ನಾವು ನಾಲ್ಕು ಮನೆಯವರೇ ದುಡ್ಡು ಹಾಕಿ ಕೀಳಿಸಿದ್ವಿ.

ಕತ್ರಿಗುಪ್ಪೆ_ತಾರಸಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಲ್ಫರ್ ತಂದೆ. ಆದ್ರೆ ಆ ವೈರಸ್ ಬಂದಿರೋ ಎರಡು ಗಿಡ... ಕೀಳಲೇಬೇಕಾ? ಮೇಲ್ಗಡೆ ಮುದುಡಿರೋದನ್ನ ಕತ್ತರಿಸಿದ್ರೆ ಹೊಸ ಚಿಗುರು ಸರಿ ಬರಲ್ವಾ? ಬ್ಯಾಡಗಿಲಿ ನಾಲ್ಕು ಕಾಯಿ ಇದೆ.

ಭೂತಗನ್ನಡಿ:
ಬರಲ್ಲ. ನಂಜು ಒಂದು ಎಲೆಲಿ ಇರಲ್ಲ, ಗಿಡದ ರಸನಾಳದಲ್ಲಿ ಇರತ್ತೆ, ಕತ್ತರಿಸಿದ್ರೆ ಹೊಸ ಚಿಗುರೂ ಮುರುಟ್ಕೊಂಡೇ ಹುಟ್ಟತ್ತೆ. ಗಿಡ ಸಾಯಲ್ಲ, ಅದೇ ತೊಂದ್ರೆ. ಸತ್ರೆ ನೀವೇ ಎಸೀತೀರ. ಹಸಿರಾಗಿ ನಿಂತಿರತ್ತೆ, ಬಿಳಿ ನೊಣ ಬಂದು ಅರ್ಧ ಗಂಟೆ ರಸ ಕುಡಿಯತ್ತೆ, ಆಮೇಲೆ ವಾರಗಟ್ಟಲೆ ಆ ನೊಣ ಎಲ್ಲಿ ಕೂತ್ರೂ ಅಲ್ಲಿಗೆ ಅಂಟಿಸ್ತಾ ಹೋಗತ್ತೆ. ಇನ್ನೊಂದು ವಿಷ್ಯ ಕೇಳಿ, ಆ ಮೈಟ್ ನುಸಿಗೆ ರೆಕ್ಕೆ ಇಲ್ವಲ್ಲ, ಅದು ಬಿಳಿ ನೊಣದ ಕಾಲು ಹಿಡ್ಕೊಂಡು ಗಿಡದಿಂದ ಗಿಡಕ್ಕೆ ಹೋಗತ್ತೆ. ನಿಮ್ಮ ತಾರಸಿಲಿ ಎರಡೂ ಒಟ್ಟಿಗೆ ಇರೋದು ಕಾಕತಾಳೀಯ ಅಲ್ದೇನೂ ಇರ್ಬೋದು.

ಮೆಣಸಿನ್ಕಾಯ್_ಬಜ್ಜಿ:
ನುಸಿ ಫ್ರೀ ಬಸ್ ಹತ್ಕೊಂಡು ಬರತ್ತೆ ಅನ್ನಿ

ಹಾವೇರಿ_ಮಂದಿ:
ನಾ ಒಂದ್ ಮಾತ್ ಹೇಳ್ತೀನಿ ಬ್ಯಾಸರ ಮಾಡ್ಕೋಬ್ಯಾಡ್ರಿ. ಹೊಲದಾಗ ಹತ್ತ್ ಸಾವಿರ ಗಿಡ ಇದ್ದಾಗ ನಾಕ್ ಕಿತ್ರ ಏನೂ ಅನಸೂದಿಲ್ಲ. ಒಂಬತ್ತ್ ಇದ್ದಾಗ ಎರಡ್ ಕೀಳೂದು ಅಂದ್ರ ಸಂಕಟ. ಆದ್ರ ಲೆಕ್ಕ ಉಲ್ಟಾ ಐತಿ, ಹತ್ತ್ ಸಾವಿರದಾಗ ಎರಡ್ ಬಿಟ್ರೂ ನಡೀತೈತಿ, ಒಂಬತ್ತರಾಗ ಎರಡ್ ಬಿಟ್ರ ಉಳಿದ ಏಳೂ ಒಂದ್ ಕೈ ದೂರದಾಗs ಅದಾವ. ಕೀಳ್ರಿ. ಆ ಬ್ಯಾಗಿನ್ಯಾಗ ಜ್ವಾಳ ಹಾಕ್ರಿ. ನಮ್ಮ ಕಡೆ ಮೆಣಸಿನ ಹೊಲದ ಸುತ್ತ ಎರಡ್ ಸಾಲ ಜ್ವಾಳ ಇಲ್ಲಾ ಗ್ವಾಂಜಾಳ ಹಾಕ್ತೀವಿ, ಹಾರಿ ಬರೂ ಹುಳ ಮದಲ ಅದರ ಮ್ಯಾಲ ಕೂಡ್ತಾವ.

ಭೂತಗನ್ನಡಿ:
ಜೋಳದ ಐಡಿಯಾ ಹೇನಿಗಂತೂ (ತಲೆ ಹೇನಲ್ಲ, ಗಿಡದ ರಸ ಹೀರೋ ಸಸ್ಯಹೇನು) ತುಂಬಾ ಒಳ್ಳೇದು. ಹೇನು ತರೋ ನಂಜು, ಎಲೆ ಮೇಲೆ ಹಸಿರು ಹಳದಿ ಮಚ್ಚೆ ಮಚ್ಚೆ ಬರತ್ತಲ್ಲ ಅದು, ಅದರ ಬಾಯಿ ತುದೀಲಷ್ಟೇ ಅಂಟಿರತ್ತೆ. ಜೋಳಕ್ಕೆ ಎರಡು ಸಲ ಚುಚ್ಚಿದ್ರೆ ಅಲ್ಲೇ ಒರೆಸಿ ಹೋಗತ್ತೆ. ಹೇನು ಕೆಲವೇ ಸೆಕೆಂಡಲ್ಲಿ ನಂಜು ಅಂಟಿಸತ್ತೆ, ಔಷಧಿ ಅದನ್ನ ಸಾಯಿಸೋ ಹೊತ್ತಿಗೆ ಕೆಲ್ಸ ಮುಗಿದಿರತ್ತೆ. ಹಾಗಾಗಿ ನಂಜು ನಿಲ್ಲಿಸೋಕೆ ಅಂತ ಹೇನಿಗೆ ಔಷಧಿ ಹೊಡೆಯೋದು ದಂಡ. ನೀರಿನ ಪೈಪಲ್ಲಿ ಜೋರಾಗಿ ಹೊಡೆದು ಬೀಳಿಸಿ, ಇರುವೆ ಸಾಲು ತಪ್ಪಿಸಿ, ಉಳಿದಿದ್ದನ್ನ ಗುಲಗಂಜಿ ಹುಳ ತಿನ್ನತ್ತೆ.

ಕುಡ್ಲ_ಇನ್_ಯಲಹಂಕ:
ಹಾಗಾದರೆ ಹುಳಿ ಮಜ್ಜಿಗೆ ಪೂರ್ತಿ ಸುಳ್ಳಾ? ನಮ್ಮ ಅಜ್ಜ ಹೊಡೆಯುತ್ತಿದ್ದರು.

ಅಜ್ಜಿ_ತೋಟ_ಮಲ್ಲೇಶ್ವರ:
ಪೂರ್ತಿ ಸುಳ್ಳಲ್ಲ, ಜಾಗ ತಪ್ಪಿದೆ ಅಷ್ಟೇ. ಹೊಗೆಸೊಪ್ಪಿನ ಮೊಸಾಯಿಕ್ ನಂಜು ಅಂತ ಒಂದಿದೆ, ಅದಕ್ಕೆ ನೊಣನೂ ಬೇಡ ಹೇನೂ ಬೇಡ, ನಮ್ಮ ಕೈ ಸಾಕು. ಬೀಡಿ ಮುಟ್ಟಿದ ಕೈಯಲ್ಲಿ ಗಿಡ ಮುಟ್ಟಿದ್ರೂ ಬರುತ್ತೆ, ಒಣಗಿದ ಹೊಗೆಸೊಪ್ಪಲ್ಲಿ ಅದು ವರ್ಷಗಟ್ಟಲೆ ಬದುಕಿರುತ್ತೆ. ಹಾಲಿನ ಪ್ರೋಟೀನು ಆ ನಂಜು ಕೈಯಿಂದ ಗಿಡಕ್ಕೆ ದಾಟೋದನ್ನ ತಡೆಯುತ್ತೆ. ಅದಕ್ಕೇ ಸಸಿ ನೆಡೋವಾಗ ಕೆಲವರು ಕೈನ ಹಾಲಲ್ಲಿ ಅದ್ದಿಕೊಳ್ತಾರೆ. ನಮ್ಮ ಮನೆಗೆ ಬರೋ ಮಾಲಿ ಬೀಡಿ ಸೇದ್ತಾರೆ, ಪಾಪ ಒಳ್ಳೇ ಮನುಷ್ಯ, ಸೋಪು ಹಚ್ಚಿ ಕೈ ತೊಳ್ದೇ ಮೆಣಸಿನ ಕುಂಡದ ಹತ್ತಿರ ಬರಬೇಕು ಅಂತ ಶಾಸ್ತ್ರ ಮಾಡಿದೀನಿ. ಮಡಿ ಅಂತ ನಗ್ತಾರೆ. ಆದ್ರೆ ಬಿಳಿ ನೊಣ ತರೋ ಮುರುಟಿಗೆ ಮಜ್ಜಿಗೆಯಿಂದ ಏನೂ ಇಲ್ಲ, ಕುಡಿಯೋದೇ ವಾಸಿ.

ಕತ್ರಿಗುಪ್ಪೆ_ತಾರಸಿ:
(ಹನ್ನೆರಡು ದಿನ ಆದ್ಮೇಲೆ) ಅಪ್‌ಡೇಟ್. ದಪ್ಪ ಮೆಣಸಿನಕಾಯಿ ಕಿತ್ತೆ. ಮೊದ್ಲು ಇಡೀ ಗಿಡಕ್ಕೆ ದೊಡ್ಡ ಕವರ್ ಮುಚ್ಚಿ ಕಟ್ಟಿ ಆಮೇಲೆ ಕಿತ್ತೆ, ನೊಣ ಹಾರಿ ಹೋಗಬಾರ್ದು ಅಂತ. ಸಲ್ಫರ್ ಹೊಡೆದ ಮೂರು ಬ್ಯಾಡಗಿಲಿ ಹೊಸ ಚಿಗುರು ನೆಟ್ಟಗೆ ಬರ್ತಿದೆ!! ಹಳೇ ಎಲೆ ಹಂಗೇ ಇದೆ, ಅದು ಸರಿ ಆಗಲ್ಲ ಅಲ್ವಾ? ಗಾಂಧಾರಿ ಇನ್ನೂ ಯೋಚ್ನೆ ಮಾಡ್ತಿದೆ. ಥ್ರಿಪ್ಸ್ ಎರಡು ಗಿಡಕ್ಕೆ ಬೇವಿನ ಸೋಪು ಎರಡು ಸಲ ಆಯ್ತು, ಅವಕ್ಕೆ ಸಲ್ಫರ್ ಮುಟ್ಟಿಸಿಲ್ಲ.

ವೈರಸ್ ಬ್ಯಾಡಗಿ ಮಾತ್ರ ಕಿತ್ತಿಲ್ಲ. ಬೈಬೇಡಿ. ಅಮ್ಮ ಅದನ್ನ ನೀರಿನ ಟ್ಯಾಂಕ್ ಹಿಂದೆ ಇಟ್ಟು ಹಳೇ ಸೊಳ್ಳೆ ಪರದೆ ಸುತ್ತಿದಾರೆ.

ಭೂತಗನ್ನಡಿ:
ಹಳೇ ಎಲೆ ಹಾಗೇ ಇರತ್ತೆ, ಹೊಸದು ನೋಡ್ತಾ ಇರಿ. ಸೊಳ್ಳೆ ಪರದೆ ತೂತಲ್ಲಿ ಬಿಳಿ ನೊಣ ಆರಾಮಾಗಿ ಹೋಗಿ ಬರತ್ತೆ. 40ರಿಂದ 50 ಮೆಶ್, ಅಂದ್ರೆ ಇಂಚಿಗೆ ಅಷ್ಟು ತೂತಿರೋ, ನೈಲಾನ್ ಬಲೆ ಬೇಕು, ಸಸಿ ಮಾಡೋವಾಗ ಕಟ್ಟೋದು ಅದನ್ನೇ. ಬೈತಾ ಇಲ್ಲ.

ಮೆಣಸಿನ್ಕಾಯ್_ಬಜ್ಜಿ:
ಹೂ ಬಿಡಿಸಿ ನೋಡ್ದೆ. ಕಪ್ಪು ಥ್ರಿಪ್ಸ್, ಒಂದೇ ಹೂವಲ್ಲಿ ಏಳು. ಇನ್ಮೇಲೆ ಜೋಕ್ ಮಾಡಲ್ಲ.

ಬರೀ_ಓದ್ತೀನಿ:
ಮುಂದಿನ ಸಲಕ್ಕೆ ಯಾವ ಬೀಜ ಹಾಕ್ಬೋದು? ಈ ಮುರುಟು ಬರ್ದಿರೋದು ಏನಾದ್ರೂ?

ಭೂತಗನ್ನಡಿ:
ಐಐಎಚ್‌ಆರ್‌ನವರೇ ಎಲೆ ಮುರುಟು ನಂಜು ತಡ್ಕೊಳ್ಳೋ ಹೈಬ್ರಿಡ್ ತಂದಿದಾರೆ, ಅರ್ಕ ತೇಜಸ್ವಿ, ಅರ್ಕ ಯಶಸ್ವಿ, ಅರ್ಕ ತನ್ವಿ ಅಂತ. ಬೀಜ ಆನ್‌ಲೈನಲ್ಲೇ ತರಿಸ್ಕೋಬಹುದು. ಆದ್ರೆ ತಡೆಯೋದು ನಂಜನ್ನ, ಥ್ರಿಪ್ಸ್‌ನ ಅಲ್ಲ, ಅದನ್ನ ಮರೀಬೇಡಿ. ಹೈಬ್ರಿಡ್ ಕಾಯಿಂದ ಮತ್ತೆ ಬೀಜ ತೆಗೆದ್ರೆ ಅದೇ ಗುಣ ಬರಲ್ಲ. ಮತ್ತೆ ಸಾಧ್ಯ ಆದ್ರೆ ಜೂನ್ ಮಳೆ ಹಿಡಿದ ಮೇಲೆ ನೆಡಿ, ಮಳೇಲಿ ಈ ಸಣ್ಣ ಹುಳಗಳು ತೊಳೆದು ಹೋಗತ್ತೆ.

ಕತ್ರಿಗುಪ್ಪೆ_ತಾರಸಿ:
(ಐದು ವಾರ ಆಯ್ತು) ಟ್ಯಾಂಕ್ ಹತ್ರ ಇದ್ದ ಇನ್ನೊಂದು ದಪ್ಪ ಮೆಣಸಿನಕಾಯಿ, ಚೆನ್ನಾಗಿತ್ತು ಅಂದಿದ್ನಲ್ಲ, ಅದರ ತುದೀಲಿ ಹಳದಿ ಗೊಂಚಲು ಶುರುವಾಯ್ತು. ನಾನು ಅಮ್ಮಂಗೆ ಏನೂ ಹೇಳ್ಲಿಲ್ಲ. ಇವತ್ತು ಬೆಳಗ್ಗೆ ನೀರು ಹಾಕೋಕೆ ಹೋದ್ರೆ ಎರಡು ಬ್ಯಾಗೂ ಖಾಲಿ, ಗಿಡ ಎರಡೂ ಕವರಲ್ಲಿ ಕಟ್ಟಿ ಕಸದ ಗಾಡಿಗೆ ಅಂತ ಗೇಟ್ ಹತ್ರ ಇಟ್ಟಿದ್ರು. ಬ್ಯಾಡಗಿದು ನಾಲ್ಕು ಕಾಯಿ ಮಾತ್ರ ಕಿತ್ತಿಟ್ಕೊಂಡಿದಾರೆ, ಸೊಟ್ಟ ಸೊಟ್ಟಕ್ಕಿದೆ. ಸೀಳಿ ಮೊಸರು ಉಪ್ಪಲ್ಲಿ ನೆನೆಸಿ ಬಾಳಕ ಮಾಡ್ತಾರಂತೆ. ತಿನ್ಬೋದಲ್ವಾ?

ಭೂತಗನ್ನಡಿ:
ಧಾರಾಳವಾಗಿ. ಗಿಡದ ನಂಜು ಮನುಷ್ಯರಿಗೆ ಬರಲ್ಲ. ಗಾಂಧಾರಿ ಏನಾಯ್ತು?

ಕತ್ರಿಗುಪ್ಪೆ_ತಾರಸಿ:
ಹೂ ಬಿಟ್ಟಿದೆ. ಬಿಡಿಸಿ ನೋಡೋಕೆ ಧೈರ್ಯ ಬರ್ತಿಲ್ಲ. ಸಂಜೆ ಬಿಳಿ ಪೇಪರ್ ತಗೊಂಡು ಹೋಗ್ತೀನಿ.